ಯುರೇನಿಯಂ ಅಗ್ಗ, ಕಾಯುವುದು ದುಬಾರಿ

ನನ್ನ ಅಂಗೈಯಲ್ಲಿರುವ ಈ ಪುಟ್ಟ ತುಂಡನ್ನು ನೋಡಿ. ಜೇಡಿಮಣ್ಣಿನಲ್ಲಿ ನಾನೇ ಮಾಡಿದ್ದು. ಎತ್ತರ ಒಂದು ಸೆಂಟಿಮೀಟರ್, ಅಗಲವೂ ಹೆಚ್ಚುಕಮ್ಮಿ ಅಷ್ಟೇ. ರಿಯಾಕ್ಟರ್ ಒಳಗೆ ಹೋಗುವ ಯುರೇನಿಯಂ ಪೆಲೆಟ್ ಇಷ್ಟೇ ಇರುತ್ತದೆ. ಸುಮಾರು ಒಂದು ಟನ್ ಕಲ್ಲಿದ್ದಲು ಕೊಡುವ ಶಕ್ತಿ ಇಂಥ ಒಂದೇ ಒಂದು ಪೆಲೆಟ್‌ನಲ್ಲಿದೆ.

ಹಾಗಿದ್ದರೆ ಅಣುವಿದ್ಯುತ್ ಯಾಕೆ ದುಬಾರಿ? ಯುರೇನಿಯಂ ಬೆಲೆಯೇ ಕಾರಣ ಅಂತ ತುಂಬಾ ದಿನ ನಂಬಿದ್ದೆ. ಆ ಬೆಲೆ ಕುಣಿಯುವುದೂ ಹಾಗೇ. 2007ರಲ್ಲಿ ಒಂದು ಪೌಂಡ್ ತೂಕಕ್ಕೆ (ಸುಮಾರು ಅರ್ಧ ಕಿಲೋ) 130 ಡಾಲರ್ ದಾಟಿತ್ತು. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತವಾಯಿತು, ಜಪಾನ್ ತನ್ನ ರಿಯಾಕ್ಟರ್‌ಗಳನ್ನು ನಿಲ್ಲಿಸಿತು. 2016ರಲ್ಲಿ ಬೆಲೆ 20 ಡಾಲರ್‌ಗಿಂತ ಕೆಳಗೆ ಬಿತ್ತು. 2024ರ ಜನವರಿಯಲ್ಲಿ ಮತ್ತೆ 100 ದಾಟಿತು. ಇಷ್ಟೆಲ್ಲ ಆದರೂ ಕರೆಂಟಿನ ದರ ಅದರ ಜೊತೆ ಕುಣಿಯಲಿಲ್ಲ. ಒಟ್ಟು ಖರ್ಚಿನಲ್ಲಿ ಯುರೇನಿಯಂ ಪಾಲು ಅಷ್ಟು ಚಿಕ್ಕದು.

ದುಡ್ಡೆಲ್ಲ ಹೋಗುವುದು ಕಟ್ಟುವುದರಲ್ಲಿ. ಒಂದು ಯೂನಿಟ್ ಕರೆಂಟು ಮಾರುವ ಮೊದಲೇ ಬೆಟ್ಟದಷ್ಟು ಸಾಲ ಮಾಡಬೇಕು. ಕೆಲಸ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಮನೆ ಕಟ್ಟಿ ನೋಡು ಅಂತಾರಲ್ವಾ, ಇಲ್ಲೂ ಅದೇ. ಫಿನ್‌ಲ್ಯಾಂಡಿನ ಓಲ್ಕಿಲುವೊಟೊ ಅಣುಸ್ಥಾವರದ 3ನೇ ಘಟಕದ ಕೆಲಸ 2005ರಲ್ಲಿ ಶುರುವಾಯಿತು. 2009ಕ್ಕೆ ಮುಗಿಯಬೇಕಿತ್ತು. ಪೂರ್ತಿಯಾಗಿ ಕರೆಂಟು ಕೊಡಲು ಶುರುಮಾಡಿದ್ದು 2023ರಲ್ಲಿ! ಅಮೆರಿಕದ ವೋಗಲ್ ಸ್ಥಾವರದ ಎರಡು ಹೊಸ ಘಟಕಗಳಿಗೆ ಮೊದಲು ಹಾಕಿದ ಅಂದಾಜು ಸುಮಾರು 1,400 ಕೋಟಿ ಡಾಲರ್. ಮುಗಿಯುವಷ್ಟರಲ್ಲಿ 3,000 ಕೋಟಿ ದಾಟಿತ್ತು.

ಆದರೆ ಹೀಗೇ ಆಗಬೇಕೆಂದೇನಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಫ್ರಾನ್ಸ್ ಹದಿನೈದೇ ವರ್ಷಗಳಲ್ಲಿ ಸುಮಾರು 50 ರಿಯಾಕ್ಟರ್ ಕಟ್ಟಿತು. ಕೆಲವೇ ವಿನ್ಯಾಸ ಇಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕಟ್ಟಿದರು. ಒಂದು ಕಡೆ ಕೈ ಪಳಗಿದವರು ಮುಂದಿನ ಕಡೆಗೆ ಹೋದರು. ಈ ಪಳಗಿದ ಕೈಗಳನ್ನು ಸುಮ್ನೆ ಕಳೆದುಕೊಂಡರೆ ಮತ್ತೆ ಸಿಗುವುದು ಬಹಳ ಕಷ್ಟ. ನನ್ನನ್ನು ಜಾಸ್ತಿ ಕಾಡುವುದು ಇದೇ.

ಇಂಧನದ ಕಥೆಯಲ್ಲೂ ಹೀಗೇ ಆಗಿದೆ. ಗಣಿಯಿಂದ ಬರುವ ಯುರೇನಿಯಂನಲ್ಲಿ ನಮಗೆ ಬೇಕಾದ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಹೆಚ್ಚಿನ ರಿಯಾಕ್ಟರ್‌ಗಳಿಗೆ ಆ ಪಾಲನ್ನು ಶೇಕಡಾ 3–5ರಷ್ಟಕ್ಕೆ ಏರಿಸಬೇಕು. ಇದಕ್ಕೇ ಸಂವರ್ಧನೆ ಅನ್ನುತ್ತಾರೆ. 1993ರಲ್ಲಿ ಅಮೆರಿಕ, ರಷ್ಯಾ ಒಂದು ಒಪ್ಪಂದ ಮಾಡಿಕೊಂಡವು. ರಷ್ಯಾದ ಅಣುಬಾಂಬುಗಳಲ್ಲಿದ್ದ 500 ಟನ್ ಯುರೇನಿಯಂನಲ್ಲಿ ಯುರೇನಿಯಂ-235ರ ಪಾಲು ತಗ್ಗಿಸಿ ಇಂಧನ ಮಾಡಿದರು. ಇಪ್ಪತ್ತು ವರ್ಷ ಅಮೆರಿಕದ ಕರೆಂಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಅದರಿಂದಲೇ ಬಂತು. ಊರು ಸುಡಬೇಕಿದ್ದದ್ದು ಮನೆಗಳಲ್ಲಿ ದೀಪವಾಗಿ ಉರಿಯಿತು. ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

2013ರಲ್ಲಿ ಆ ಒಪ್ಪಂದ ಮುಗಿಯಿತು. ಅದೇ ವರ್ಷ ಅಮೆರಿಕದ ಪಡೂಕಾದಲ್ಲಿದ್ದ ಹಳೆಯ ಸಂವರ್ಧನೆ ಕಾರ್ಖಾನೆಯೂ ಮುಚ್ಚಿತು. ಇವತ್ತು ಜಗತ್ತಿನ ಸಂವರ್ಧನೆ ಸಾಮರ್ಥ್ಯದಲ್ಲಿ ಶೇಕಡಾ 40ಕ್ಕೂ ಹೆಚ್ಚು ಇರುವುದು ರಷ್ಯಾದಲ್ಲಿ. 2024ರಲ್ಲಿ ಅಮೆರಿಕ ರಷ್ಯಾದಿಂದ ಸಂವರ್ಧಿತ ಯುರೇನಿಯಂ ತರಿಸುವುದನ್ನು ನಿಷೇಧಿಸಿತು. ಜೊತೆಗೇ, ಬೇರೆ ಕಡೆ ಸಿಗದಿದ್ದರೆ ಕೊಳ್ಳಬಹುದು ಅಂತ 2027ರ ಕೊನೆಯವರೆಗೆ ವಿನಾಯಿತಿಗೂ ದಾರಿ ಬಿಟ್ಟಿತು. ಸಂವರ್ಧನೆಗೆ ಬೇಕಾದ, ಗಿರಗಿರನೆ ತಿರುಗುವ ಯಂತ್ರಗಳಾದ ಹೊಸ ಸೆಂಟ್ರಿಫ್ಯೂಜ್‌ಗಳನ್ನು ಸಾಲಾಗಿ ನಿಲ್ಲಿಸಿ ತಿರುಗಿಸಲು ವರ್ಷಗಳೇ ಬೇಕು.