ಆನೆ ಕಾಣದ ಆನೆಮಾತು

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಿಂತು ಆನೆಯ ಮಾತೆತ್ತಿದರೆ ಮೊದಲು ಬನವಾಸಿಗೇ ಹೋಗಬೇಕು. ‘ಆರಂಕುಶವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಂದು ಪಂಪ ಹೇಳಿದ್ದು 10ನೇ ಶತಮಾನದಲ್ಲಿ. ಈ ಸಾಲು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೂ ಅದರೊಳಗೊಂದು ಆನೆ ನಿಂತಿದೆ ಎಂಬುದು ಹಲವರ ಲಕ್ಷ್ಯಕ್ಕೆ ಬರುವುದಿಲ್ಲ. ಅಂಕುಶ ಇಡುವುದು ಆನೆಗೆ ತಾನೆ?

ಅಂಕುಶಕ್ಕೆ ಎರಡು ಮೊನೆ. ನೆಟ್ಟಗಿರುವುದು ತಿವಿಯಲು, ಕೊಕ್ಕೆಯಂತೆ ಬಾಗಿದ್ದು ಹಿಡಿದು ಎಳೆಯಲು. ಕುತ್ತಿಗೆಯ ಮೇಲೆ ಕೂತ ಮಾವುತ ಬಹುಪಾಲು ಕೆಲಸವನ್ನು ಕಾಲಿನಲ್ಲೇ ಮುಗಿಸುತ್ತಾನೆ. ಕಿವಿಯ ಹಿಂದೆ ಕಾಲ್ಬೆರಳಿನಿಂದ ಒತ್ತಿದರೆ ಆನೆಗೆ ದಾರಿ ತಿಳಿಯುತ್ತದೆ, ಜೊತೆಗೆ ಬಾಯಿಮಾತು. ಅಷ್ಟಕ್ಕೆ ಬಗ್ಗದಿದ್ದರೆ ಅಂಕುಶ. ಇದನ್ನು ತಿಳಿದು ಓದಿದರೆ ಪಂಪನ ಸಾಲಿನ ತೂಕವೇ ಬೇರೆ: ಕೊನೆಯ ಉಪಾಯಕ್ಕೂ ತಿರುಗದೆ ಬನವಾಸಿಯತ್ತಲೇ ನಡೆಯುವ ಮನಸ್ಸು ಅದು. ಪತ್ರಿಕೆಯವರು ಬರೆಯುವ ‘ನಿರಂಕುಶ ಆಡಳಿತ’ದಲ್ಲೂ ಇದೇ ಆನೆ ಇದೆ, ಮಾವುತನಿಲ್ಲ ಅಷ್ಟೇ.

ಇನ್ನು ಹೆಸರುಗಳು. ‘ಆನೆ’ ನಮ್ಮದೇ ಮಾತು. ತಮಿಳಿನ ಯಾನೈ, ಮಲಯಾಳದ ಆನ, ತೆಲುಗಿನ ಏನುಗು ಅದರ ದಾಯಾದಿಗಳು. ಸಂಸ್ಕೃತದ ಹೆಸರುಗಳಲ್ಲಿ ಎಡವುವುದು ಸುಲಭ. ‘ಕರಿ’ ಎಂದರೆ ಕಪ್ಪು ಬಣ್ಣದ್ದು ಎಂದುಕೊಳ್ಳುತ್ತೇವೆ. ಅಲ್ಲ, ಕರ ಉಳ್ಳದ್ದು ಕರಿ, ಹಸ್ತ ಉಳ್ಳದ್ದು ಹಸ್ತಿ. ಎರಡೂ ಸೊಂಡಿಲನ್ನು ಕೈ ಎಂದು ಕಂಡವರ ಮಾತು. ಹಸ್ತಿಯೇ ಸವೆದು ಕೊಂಕಣಿಯಲ್ಲಿ ‘ಹತ್ತಿ’ ಆಯಿತು. ಕಾರವಾರದ ಪೇಟೆಯಲ್ಲಿ ಹತ್ತಿ ಎಂದರೆ ಹಾಸಿಗೆಗೆ ತುಂಬುವುದೋ, ಹಾಸಿಗೆ ಮುರಿಯುವುದೋ ಎಂದು ಭಾಷೆ ನೋಡಿ ತೀರ್ಮಾನಿಸಬೇಕು!

‘ದ್ವಿಪ’ ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು. ಎರಡು ಸಲ ಕುಡಿಯುವುದು ಎಂದರ್ಥ. ಆನೆ ಸೊಂಡಿಲಿನಿಂದ ನೀರು ಕುಡಿಯುವುದಿಲ್ಲ. ಸೊಂಡಿಲು ಮೂಗು, ಅದರಲ್ಲೇ ಕುಡಿದರೆ ನೀರು ನೆತ್ತಿಗೇರುತ್ತದೆ. ಲೀಟರುಗಟ್ಟಲೆ ಹೀರಿ, ಹಿಡಿದಿಟ್ಟು, ತುದಿಯನ್ನು ಬಾಯಿಗಿಟ್ಟು ಸುರಿದುಕೊಳ್ಳುತ್ತದೆ. ಹೆಸರಿಟ್ಟವರು ಹೊಳೆಯ ದಂಡೆಯಲ್ಲಿ ಕೂತು ನೋಡಿದ್ದಿರಬೇಕು. ಬರೆಯುವಾಗ ಮಾತ್ರ ಜೋಪಾನ: ದೀರ್ಘ ಬಿಟ್ಟರೆ ಕಾರವಾರದೆದುರಿನ ಕೂರ್ಮಗಡ ದ್ವೀಪ ಆನೆಯಾಗಿಬಿಡುತ್ತದೆ.

ಆನೆಯಲ್ಲದ ಆನೆಗಳೂ ಇವೆ. ಜವಳಿ ಅಂಗಡಿಯ ‘ಗಜ’, ಅಂದರೆ ಮೂರು ಅಡಿಯ ಅಳತೆ, ಪಾರಸಿಯಿಂದ ಬಂದದ್ದು. ಅಣೆಕಟ್ಟಿನ ‘ಅಣೆ’ ನೀರಿನ ಅಡ್ಡಗಟ್ಟೆ. ‘ಆನೆಕಟ್ಟು’ ಎಂದು ಬರೆಯುವವರು ಈಗಲೂ ಸಿಗುತ್ತಾರೆ. ಗಜನಿಂಬೆಯಲ್ಲಿ ಮಾತ್ರ ನಿಜವಾದ ಗಜವೇ, ದೊಡ್ಡದು ಎನ್ನಲು.

ಮದಕ್ಕೆ ಬರೋಣ. ಗಂಡಾನೆಗೆ ಕಣ್ಣು ಕಿವಿಗಳ ನಡುವೆ ಒಂದು ಗ್ರಂಥಿ ಇದೆ. ಮದ ಬಂದಾಗ ಅದು ಊದಿ, ಕೆನ್ನೆಯ ಮೇಲೆ ಕಪ್ಪಾಗಿ, ಜಿಡ್ಡಾಗಿ ಸೋರುತ್ತದೆ. ಮೂತ್ರವೂ ತೊಟ್ಟಿಕ್ಕುತ್ತಿರುತ್ತದೆ, ಹಿಂಗಾಲು ಒದ್ದೆ. ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಇದೇ ಸ್ಥಿತಿ. ಪಳಗಿದ ಆನೆಯೂ ಆಗ ಮಾವುತನ ಮಾತು ಕೇಳುವ ಭರವಸೆಯಿಲ್ಲ. ಈ ರಸಕ್ಕೆ ಸಂಸ್ಕೃತದಲ್ಲಿ ‘ದಾನ’ ಎಂಬ ಹೆಸರೂ ಉಂಟು. ರಾಜನ ಕೈಯಲ್ಲೂ ದಾನ, ಆನೆಯ ಕೆನ್ನೆಯಲ್ಲೂ ದಾನ ಎಂಬ ಶ್ಲೇಷೆ ಕವಿಗಳಿಗೆ ಪುಕ್ಕಟೆ ಸಿಕ್ಕಿತು. ಇದೇ ಸ್ಥಿತಿಗೆ ಪಾರಸಿಯವರ ಮಾತು ‘ಮಸ್ತ್’, ಅಮಲೇರಿದ್ದು. ಊಟ ಮಸ್ತ್ ಆಗಿತ್ತು ಎನ್ನುವ ಹುಡುಗರ ಬಾಯಲ್ಲಿರುವುದೂ ಅದೇ.

ಗಾದೆಗಳಲ್ಲಿ ಒಂದನ್ನಷ್ಟೇ ಎತ್ತುತ್ತೇನೆ, ಅಡಿಕೆಯವರ ಊರಲ್ಲವೇ: ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.’ ಇಲ್ಲಿ ಅಡಿಕೆ ಎಂದರೆ ಒಂದೇ ಒಂದು ಗೋಟು, ಅಂದರೆ ಒಣಗಿದ ಇಡಿ ಅಡಿಕೆ; ಒಣಗಿಸಿ ಸುಲಿದು ಮಾರುವ ಕ್ವಿಂಟಲ್ ಚಾಲಿಯಲ್ಲ. ಇಂದಿನ ದರ ಹಿಡಿದು ಅರ್ಥ ಮಾಡಹೊರಟರೆ ಗಾದೆ ಕೆಡುತ್ತದೆ.

ಕೊನೆಗೆ ‘ಸಲಗ’. ಹಿಂಡಿನ ಮುಂದಾಳು ಗಂಡಾನೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಕಾಡಿನಲ್ಲಿ ಹಿಂಡು ನಡೆಸುವುದು ಹಿರಿಯ ಹೆಣ್ಣಾನೆ. ಬೆಳೆದ ಗಂಡು ಹಿಂಡು ಬಿಟ್ಟು ಹೊರಗೆ ತಿರುಗುತ್ತದೆ. ಹಳಿಯಾಳ, ಮುಂಡಗೋಡದ ಭತ್ತದ ಗದ್ದೆಗೆ ಆನೆ ಇಳಿದಾಗ ಸುದ್ದಿಯಲ್ಲಿ ಬರುವ ‘ಒಂಟಿ ಸಲಗ’ ಆ ಲೆಕ್ಕಕ್ಕೆ ಸರಿಯಾದ ಮಾತೇ. ಹಿಂಡಿನ ಮುಂದಿರುವ ಹೆಣ್ಣಿಗೆ ಇಷ್ಟು ಗತ್ತಿನ ಹೆಸರನ್ನು ಮಾತ್ರ ಕನ್ನಡ ಕೊಟ್ಟಿಲ್ಲ.