ಸ್ಪೀಕರಿಗೂ ಬೇಕು ಒಂದು ಸಿಂಬೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಶಿರಸಿ ಕಡೆ ಸಂಗೀತದ ಬೈಠಕ್‌ಗೆ ಹೋದವರು ನೋಡಿರುತ್ತೀರಿ. ತಬಲಾದವರು ಮೊದಲು ನೆಲದ ಮೇಲೆ ಎರಡು ಸಿಂಬೆ ಇಡುತ್ತಾರೆ. ಬಟ್ಟೆ ಸುತ್ತಿದ ದುಂಡನೆಯ ಸಿಂಬೆ. ಅದರ ಮೇಲೆ ತಬಲಾ, ಡಗ್ಗಾ ಕೂರುತ್ತವೆ. ಡಗ್ಗಾವನ್ನು ಬರೀ ನೆಲದ ಮೇಲಿಟ್ಟು ಬಾರಿಸಿ ನೋಡಿ. ಉರುಳಾಡುತ್ತದೆ, ನೆಲಕ್ಕೆ ತಾಗಿ ಟಕ್ ಎನ್ನುತ್ತದೆ. ಗುಂಯ್ ಎನ್ನುವ ನಾದದ ಜೊತೆ ಬೇಡದ ಸದ್ದೂ ಸೇರುತ್ತದೆ. ವಾದ್ಯ ಎಷ್ಟು ಒಳ್ಳೆಯದಿದ್ದರೂ ಅದು ಕೂರುವ ಜಾಗ ಸರಿ ಇರಬೇಕು, ಅಲ್ವಾ? ಮನೆಯಲ್ಲಿ ಹಾಡು ಕೇಳುವ ಹೈ-ಫೈ ಸೆಟ್ಟಿಗೂ ಇದೇ ಮಾತು. ಸ್ಪೀಕರ್, ರೆಕಾರ್ಡ್ ಪ್ಲೇಯರ್ ಇವುಗಳ ಕೆಳಗೆ ಏನಿಡಬೇಕು ಅನ್ನುವುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ನಮ್ಮದು ಹಳೇ ಮನೆ. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಹಲಗೆ ಹಾಸಿದ ಮೆತ್ತು. ಮೆತ್ತಿನ ಒಂದು ಮೂಲೆಯಲ್ಲಿ ನನ್ನ ಸೆಟ್ಟು ಜೋಡಿಸಿದೆ. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಸಾಕು, ರೆಕಾರ್ಡಿನ ಮೇಲಿದ್ದ ಮುಳ್ಳು ಛಂಗನೆ ಹಾರುತ್ತಿತ್ತು. ಸ್ಪೀಕರಿನ ತಗ್ಗಿನ ಸ್ವರಗಳೂ ಕಲಸಿದ ಹಾಗೆ ಕೇಳುತ್ತಿದ್ದವು. ಒಂದು ಅಂಗಡಿಯವರು ಉಕ್ಕಿನ ಮೊನೆಗಾಲು ಕೊಟ್ಟರು. ಸ್ಪೈಕ್ ಅನ್ನುತ್ತಾರಲ್ಲ, ಅದು. "ಕಂಪನ ಎಲ್ಲ ನೆಲಕ್ಕೆ ಇಳಿದು ಹೋಗುತ್ತದೆ" ಅಂದರು. ಸ್ಪೀಕರಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಕೆಳಗಿನ ಅಡುಗೆಮನೆಯಿಂದ ಅಮ್ಮ ಕೂಗಿದಳು: "ತಮಾ, ನಾಗೊಂದಿಗೆ ಮೇಲಿನ ಪಾತ್ರೆನೂ ಹಾಡ್ತಾ ಇದ್ದು ನೋಡು!"

ಕಂಪನ ನೆಲಕ್ಕೆ ಇಳಿದದ್ದು ನಿಜವೇ. ಆದರೆ ಇಳಿದದ್ದು ಅಲ್ಲಿಗೇ ಮಾಯವಾಗಲಿಲ್ಲ.

ಇದು ಅರ್ಥವಾಗಬೇಕಾದರೆ ತಂಬೂರಿಯನ್ನು ನೆನಪಿಸಿಕೊಳ್ಳಿ. ತಂತಿಯೊಂದನ್ನೇ ಗಾಳಿಯಲ್ಲಿ ಬಿಗಿದು ಮೀಟಿದರೆ ಪಕ್ಕದವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅದೇ ತಂತಿ ಕುದುರೆಯ (ತಂತಿಗೆ ಆಸರೆ ಕೊಡುವ ಸಣ್ಣ ತುಂಡು) ಮೇಲೆ ಕೂತು ಕೆಳಗಿನ ಅಗಲವಾದ ಮರದ ತಬಲಿಯನ್ನು ಅಲುಗಿಸಿದಾಗ ಕೋಣೆ ತುಂಬ ನಾದ. ಅಲುಗಾಟ ಚಿಕ್ಕದೇ, ಆದರೆ ಅಲುಗುವ ಹಲಗೆ ದೊಡ್ಡದು. ಹಾಗಾಗಿ ತುಂಬಾ ಗಾಳಿಯನ್ನು ತಳ್ಳುತ್ತದೆ. ನನ್ನ ಮೆತ್ತು ತಬಲಿಯಾಗಿತ್ತು, ಮೊನೆಗಾಲು ಕುದುರೆಯಾಗಿತ್ತು.

ಸ್ಪೀಕರ್ ಪೆಟ್ಟಿಗೆ ಅಲುಗುವುದು ಎಷ್ಟು ಅಂತ ಲೆಕ್ಕ ಹಾಕಬಹುದು. ಒಳಗಿನ ಕೋನು, ಅಂದರೆ ಹಿಂದೆ ಮುಂದೆ ಅಲುಗಿ ಸದ್ದು ಮಾಡುವ ಭಾಗ, 12 ಗ್ರಾಂ, ಪೆಟ್ಟಿಗೆ 9 ಕಿಲೋ ಅಂದುಕೊಳ್ಳಿ. ಕೋನು ಮುಂದೆ ಹೋದಾಗ ಪೆಟ್ಟಿಗೆಗೆ ಹಿಂದಕ್ಕೆ ತಳ್ಳು ಸಿಗುತ್ತದೆ. ಪೆಟ್ಟಿಗೆ 750 ಪಟ್ಟು ಭಾರ, ಆದ್ದರಿಂದ ಅದು ಸರಿಯುವುದು 750ರಲ್ಲಿ ಒಂದು ಪಾಲು. ಸಿಮೆಂಟು ನೆಲದ ಮೇಲೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮರದ ಮೆತ್ತಿನ ಮೇಲೆ ಬರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲು ನಿಮ್ಮ ನೆಲ ನೋಡಿ. ಕಾಲು ಆಮೇಲೆ ಕೊಂಡರಾಯಿತು.

ಮರದ ನೆಲಕ್ಕೆ ಬೇಕಾದದ್ದು ಮೆತ್ತನೆಯ ಕಾಲು. ರಬ್ಬರ್, ಸ್ಪ್ರಿಂಗು, ಇಲ್ಲವೇ ಸೋರ್ಬೋಥೇನ್ ಎನ್ನುವ ಜಿಗುಟು ವಸ್ತು. ಆದರೆ ಸುಮ್ನೆ ಮೆತ್ತಗಿದ್ದರೆ ಸಾಲದು, ಮೇಲಿನ ಭಾರಕ್ಕೆ ತಕ್ಕಷ್ಟು ಕುಗ್ಗಬೇಕು. ಪೆಟ್ಟಿಗೆ ಇಟ್ಟಾಗ ಕಾಲು 1 ಮಿಲಿಮೀಟರ್ ಕುಗ್ಗಿದರೆ ಆ ಜೋಡಿಯ ಸ್ವಂತ ತೂಗಾಟ ಸೆಕೆಂಡಿಗೆ ಸುಮಾರು 16 ಸಲ, ಅಂದರೆ 16 ಹರ್ಟ್ಜ್. 4 ಮಿಲಿಮೀಟರ್ ಕುಗ್ಗಿದರೆ 8. ಒಂದು ಸೆಂಟಿಮೀಟರ್ ಕುಗ್ಗಿದರೆ 5. ಇದು ಸ್ಪ್ರಿಂಗಿನ ಲೆಕ್ಕ, ರಬ್ಬರಿನಲ್ಲಿ ಸ್ವಲ್ಪ ಜಾಸ್ತಿ ಬರುತ್ತದೆ. ಆ ಸಂಖ್ಯೆಯ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನ ಕಂಪನವನ್ನು ಮಾತ್ರ ಕಾಲು ತಡೆಯುತ್ತದೆ. ಆ ಸಂಖ್ಯೆಯ ಹತ್ತಿರದ್ದನ್ನು ತಡೆಯುವುದಿರಲಿ, ಹೆಚ್ಚು ಮಾಡುತ್ತದೆ. ಕಲ್ಲಿನಂತೆ ಗಟ್ಟಿಯಾದ ರಬ್ಬರ್ ಬಿಲ್ಲೆ ಹಗುರ ಪೆಟ್ಟಿಗೆಯ ಕೆಳಗೆ ಕುಗ್ಗುವುದೇ ಇಲ್ಲ, ಹಾಗಾಗಿ ಅದರಿಂದ ಏನೂ ಉಪಯೋಗವಿಲ್ಲ. ಪೂರ್ತಿ ಚಪ್ಪಟೆಯಾದ ಕಾಲಿನಿಂದಲೂ ಅಷ್ಟೇ. ನಾನು ಸ್ಪೀಕರಿನ ಕೆಳಗೆ ಒಂದು ಕಡಪ ಕಲ್ಲಿನ ತುಂಡಿಟ್ಟು, ಅದರ ಕೆಳಗೆ ಮೆತ್ತನೆಯ ಕಾಲು ಹಾಕಿದೆ. ಭಾರ ಹೆಚ್ಚಾಯಿತು, ಕುಗ್ಗುವುದೂ ಹೆಚ್ಚಾಯಿತು. ಅಡುಗೆಮನೆ ಪಾತ್ರೆಗಳು ಸುಮ್ಮನಾದವು. ಡಗ್ಗಾದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳತೊಡಗಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ಎಚ್ಚರಿಕೆ: ಕೆಲವು ರಬ್ಬರ್‌ಗಳು ಪಾಲಿಶ್ ಮಾಡಿದ ಮರದ ಮೇಲೆ ಕಪ್ಪು ಕಲೆ ಬಿಡುತ್ತವೆ. ನಡುವೆ ಒಂದು ಟೈಲ್ಸ್ ತುಂಡಿಡಿ.

ರೆಕಾರ್ಡ್ ಪ್ಲೇಯರಿನ ಕಥೆ ಬೇರೆ. ಇಡೀ ಸೆಟ್ಟಿನಲ್ಲಿ ಕಂಪನಕ್ಕೆ ಇದರಷ್ಟು ಹೆದರುವ ಸಾಧನ ಮತ್ತೊಂದಿಲ್ಲ. ರೆಕಾರ್ಡಿನ ಗೆರೆಯಲ್ಲಿ ಸಣ್ಣ ಸ್ವರದ ಏರಿಳಿತ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಚಿಕ್ಕದು. ಮುಳ್ಳಿಗೆ ಹಾಡು ಯಾವುದು, ಕಾಲಿನ ಸಪ್ಪಳ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಓದಿಬಿಡುತ್ತದೆ. ಮುಳ್ಳು ಹಿಡಿದಿರುವ ತೋಳು ತಾನೇ ಸುಮಾರು 8ರಿಂದ 12 ಹರ್ಟ್ಜ್‌ನಲ್ಲಿ ತೂಗುವಂತೆ ಇರುತ್ತದೆ. ಕೆಳಗಿನ ಕಾಲೂ ಅದೇ ಸಂಖ್ಯೆಯಲ್ಲಿ ತೂಗಿದರೆ ಕಷ್ಟ. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಒಂದು ಪ್ಲೇಯರ್ ತಂದರು. ಅದರಲ್ಲಿ ತಟ್ಟೆ, ತೋಳು ಎರಡೂ ಒಂದೇ ಚೌಕಟ್ಟಿನ ಮೇಲಿದ್ದು, ಆ ಚೌಕಟ್ಟು ಮೂರು ಮೆತ್ತನೆಯ ಸ್ಪ್ರಿಂಗಿನ ಮೇಲೆ ತೇಲುತ್ತಿತ್ತು. ಸ್ಪೀಕರಿನಿಂದ ಬರುವ ಕಂಪನವನ್ನು ತಡೆಯಲು ಇದು ತುಂಬಾ ಒಳ್ಳೆಯ ಉಪಾಯ. ಆದರೆ ಹಲಗೆ ನೆಲದ ಮೇಲೆ ನಡೆದಾಗ ಏಳುವ ನಿಧಾನದ ತೂಗಾಟಕ್ಕೆ ಅಂಥ ಸ್ಪ್ರಿಂಗೂ ಸೋಲುತ್ತದೆ.

ಅದಕ್ಕೆ ಮದ್ದು ಗೋಡೆ. ಗಟ್ಟಿಯಾದ ಗೋಡೆಗೆ ಹೊಡೆದ ಶೆಲ್ಫ್. ಮೆತ್ತು ಎಷ್ಟು ಕುಣಿದರೂ ದಪ್ಪ ಗೋಡೆ ಕುಣಿಯುವುದಿಲ್ಲ. ನಮ್ಮ ಹಳೇ ಮನೆಗಳಲ್ಲಿ ಗೋಡೆಯೊಳಗೇ ಗೂಡು ಇರುತ್ತದಲ್ಲ, ಪ್ಲೇಯರ್ ಹಿಡಿಸುವಷ್ಟು ದೊಡ್ಡದಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಿಮ್ಮ ಪ್ಲೇಯರ್ ಇರುವ ಜಾಗ ಸರಿ ಇದೆಯೇ ಎಂದು ನೋಡಲು ಸುಲಭ ದಾರಿ ಇದೆ. ವಾಲ್ಯೂಮ್ ಕಡಿಮೆ ಇಡಿ. ತಿರುಗದೆ ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ. ಈಗ ಶೆಲ್ಫನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಧಡ್ ಧಡ್ ಎಂದು ಜೋರಾಗಿ ಕೇಳಿದರೆ ಆ ಶೆಲ್ಫು ಕಂಪನವನ್ನು ತಡೆಯುತ್ತಿಲ್ಲ.

ಕಾರವಾರ, ಕುಮಟಾ ಕಡೆಯ ಹೊಸ ಮನೆಗಳಲ್ಲಿ ಸಿಮೆಂಟು ನೆಲ, ಮೇಲೆ ಟೈಲ್ಸ್. ಅಲ್ಲಿ ಕಾಲಿನ ಚಿಂತೆ ಕಡಿಮೆ. ಪೆಟ್ಟಿಗೆ ಕುಂಟಬಾರದು, ಅಷ್ಟೇ. ಮೂರು ಕಲ್ಲಿನ ಒಲೆ ಎಂಥ ನೆಲದ ಮೇಲೂ ಅಲ್ಲಾಡುವುದಿಲ್ಲ, ಹಾಗೆ ಮೂರು ಕಾಲು ಕೊಟ್ಟರೂ ನಡೆಯುತ್ತದೆ. ಅಲ್ಲಿ ಸ್ಟ್ಯಾಂಡಿನ ಎತ್ತರ, ಗೋಡೆಯಿಂದ ದೂರ ಇವೆರಡೇ ಹೆಚ್ಚು ಮುಖ್ಯ. ಮೇಲಿನ ಚಿಕ್ಕ ಸ್ಪೀಕರ್, ಟ್ವೀಟರ್, ಕುರ್ಚಿಯಲ್ಲಿ ಕೂತಾಗ ಕಿವಿಯ ಮಟ್ಟಕ್ಕೆ ಬರಲಿ. ಹಿಂದಿನ ಗೋಡೆ 1 ಮೀಟರ್ ದೂರವಿದ್ದರೆ, ಗೋಡೆಗೆ ಬಡಿದು ಬಂದ ಸದ್ದು 86 ಹರ್ಟ್ಜ್ ಹತ್ತಿರ ನೇರ ಸದ್ದಿಗೆ ಎದುರಾಗಿ ಆ ಸ್ವರವನ್ನು ತಗ್ಗಿಸುತ್ತದೆ. ಪೆಟ್ಟಿಗೆಯನ್ನು ಒಂದು ಗೇಣು ಆಚೀಚೆ ಸರಿಸಿ ಕೇಳಿ. ದುಡ್ಡು ಖರ್ಚಿಲ್ಲದೆ ಸಿಗುವ ಇಷ್ಟು ದೊಡ್ಡ ಬದಲಾವಣೆ ಬೇರೆ ಇಲ್ಲ.

ಟೊಳ್ಳು ಕಬ್ಬಿಣದ ಸ್ಟ್ಯಾಂಡಿನ ಕಂಬ ತಟ್ಟಿದರೆ ಗಂಟೆಯ ಹಾಗೆ ಟಣ್ ಎನ್ನುತ್ತದೆ. ಮರಳು ತುಂಬಿದರೆ ಆ ಟಣ್ ಅಲ್ಲೇ ಸಾಯುತ್ತದೆ, ಕಣಗಳು ಒಂದಕ್ಕೊಂದು ಉಜ್ಜಿ ಕಂಪನವನ್ನು ನುಂಗುತ್ತವೆ. ಆದರೆ ಸಮುದ್ರದ ಮರಳನ್ನು ನೇರವಾಗಿ ತುಂಬಬೇಡಿ. ಅದರ ಉಪ್ಪು ತೇವ ಎಳೆದು ಒಳಗಿನಿಂದಲೇ ಕಬ್ಬಿಣ ತಿನ್ನುತ್ತದೆ. ಹೊಳೆ ಮರಳನ್ನು ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕಿ.

ಇನ್ನು ಆಂಪ್ಲಿಫೈಯರ್, ಸಿಡಿ ಪ್ಲೇಯರ್ ಕೆಳಗೆ ಸಾವಿರಾರು ರೂಪಾಯಿಯ ಕಾಲು ಬೇಕೇ? ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಕಂಪನವನ್ನು ಹಾಡಾಗಿ ಓದುವ ಮುಳ್ಳು ಇಲ್ಲ. ಗಾಜಿನ ವಾಲ್ವ್ ಇರುವುದಾದರೆ ಮಾತ್ರ ಸ್ವಲ್ಪ ಯೋಚಿಸಿ, ಕೆಲವು ವಾಲ್ವ್ ತಟ್ಟಿದರೆ ಸ್ಪೀಕರಿನಲ್ಲಿ ಟಿಂಗ್ ಎನ್ನುತ್ತದೆ. ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ನೀವು ಹೊರಗೆ ನಿಂತಾಗ ನಿಮ್ಮ ಭಾವನೋ ತಂಗಿಯೋ ಕಾಲು ಬದಲಿಸಲಿ, ಅಥವಾ ಬದಲಿಸದೇ ಇರಲಿ. ಅದನ್ನು ಬಟ್ಟೆ ಮುಚ್ಚಿ ಮರೆಮಾಡಲಿ. ನೀವು ಬಂದು ಕೇಳಿ ಹೇಳಿ. ಹತ್ತು ಸಲ ಮಾಡಿ, ಎಷ್ಟು ಸರಿ ಬಂತು ಅಂತ ಬರೆದಿಟ್ಟುಕೊಳ್ಳಿ. ಉಳಿದ ದುಡ್ಡಿಗೆ ನಾಲ್ಕು ಒಳ್ಳೆಯ ರೆಕಾರ್ಡು ಬರುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಬಾಗಿಲು ಉಬ್ಬಿ ಹಾಕಲಿಕ್ಕೇ ಬರುವುದಿಲ್ಲ. ಹಲಗೆಯೂ ಹಾಗೇ ಉಬ್ಬುತ್ತದೆ, ಚಳಿಗಾಲಕ್ಕೆ ಕುಗ್ಗುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ಒಮ್ಮೆ ಗಾರೆಯವರ ರಸಮಟ್ಟವನ್ನು ಪ್ಲೇಯರಿನ ತಟ್ಟೆಯ ಮೇಲಿಟ್ಟು ನೋಡಿ. ಶೆಲ್ಫಿನ ಸ್ಕ್ರೂ ಸಡಿಲಾಗಿದ್ದರೆ ಬಿಗಿ ಮಾಡಿ. ನಮ್ಮ ಮನೆಯಲ್ಲಿ ದೀಪಾವಳಿಗೆ ಮೊದಲು ಈ ಕೆಲಸ ಮುಗಿಸುತ್ತೇನೆ. ಈಗ ಅಮ್ಮ ಚಾ ಹಿಡಿದು ಮೆತ್ತು ಹತ್ತಿ ಬಂದರೂ ಮುಳ್ಳು ಅಲುಗುವುದಿಲ್ಲ.

ನಮಸ್ಕಾರ.