ಕೂಡಬಹುದಾದ ಅಂಕಿ, ಕೂಡಬಾರದ ಅಂಕಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 560001. ಮೈಸೂರಿನದು 570001. ಎರಡನ್ನೂ ಕೂಡಿ ಅರ್ಧ ಮಾಡಿದರೆ 565001 ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಸಂಖ್ಯೆಯ ಊರು ಎರಡರ ನಡುವೆ, ಮದ್ದೂರಿನ ಆಸುಪಾಸಿನಲ್ಲಿ ಇದ್ದೀತು ಎಂದು ಹುಡುಕಿಕೊಂಡು ಹೊರಟರೆ ಅಂಚೆಯಣ್ಣ ನಕ್ಕುಬಿಡುತ್ತಾನೆ. ಪಿನ್‌ಕೋಡ್ ಎಂದರೆ ಅಂಕಿಯಲ್ಲಿ ಬರೆದ ಹೆಸರು, ಅಷ್ಟೆ.

ಸರಾಸರಿ ತೆಗೆಯುವುದು ಇವತ್ತು ಮೊಬೈಲಿಗೂ ಗೊತ್ತು. ತೆಗೆಯಬಹುದೋ ಬಾರದೋ ಎಂದು ನೋಡಬೇಕಾದವರು ನಾವು. 1946ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸ್ಮಿತ್ ಸ್ಟೀವನ್ಸ್ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆಯ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ. ಆದರೂ ಸಮೀಕ್ಷೆಯ ಹಾಳೆ ಹಿಡಿದು ಕೂತವರಿಗೆ ಅದು ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು ಹೆಸರಿನ ಅಂಕಿ. 2011ರ ಜನಗಣತಿಯಲ್ಲಿ ಗಂಡಿಗೆ 1, ಹೆಣ್ಣಿಗೆ 2, ಇತರರಿಗೆ 3 ಎಂಬ ಸಂಕೇತಗಳಿದ್ದವು. ಇವನ್ನು ಎಣಿಸಬಹುದು, ಶೇಕಡಾ ಹೇಳಬಹುದು, ಯಾವುದು ಹೆಚ್ಚು ಸಲ ಬಂದಿದೆ ಎಂದು ನೋಡಬಹುದು. ಈ ಹೆಚ್ಚು ಸಲ ಬಂದದ್ದಕ್ಕೆ ಬಹುಲಕ ಎಂದು ಹೆಸರು. ರಕ್ತದ ಗುಂಪು, ಮಾತೃಭಾಷೆ, ಬಸ್ಸಿನ ನಂಬರು ಇವೆಲ್ಲ ಇದೇ ಬಗೆಯವು.

ಎರಡನೆಯದು ದರ್ಜೆಯ ಅಂಕಿ. ಮೋಸ ಹೆಚ್ಚಾಗಿ ನಡೆಯುವುದು ಇಲ್ಲೇ. ಒಂದು ವಾರ್ಡಿನಲ್ಲಿ ಕುಡಿಯುವ ನೀರಿನ ಪೂರೈಕೆ ಹೇಗಿದೆ ಎಂದು ಕೇಳುತ್ತೀರಿ ಎಂದುಕೊಳ್ಳಿ. ಚೆನ್ನಾಗಿಲ್ಲ ಎಂದರೆ 1, ಪರವಾಗಿಲ್ಲ ಎಂದರೆ 2, ಚೆನ್ನಾಗಿದೆ ಎಂದರೆ 3. ಟ್ಯಾಂಕಿನ ಹತ್ತಿರದ 50 ಮನೆಯವರು 3 ಎನ್ನುತ್ತಾರೆ. ಪೈಪಿನ ತುದಿಯ 50 ಮನೆಯವರು 1 ಎನ್ನುತ್ತಾರೆ. ಸರಾಸರಿ ಸರಿಯಾಗಿ 2. ವರದಿಯಲ್ಲಿ ‘ಪರವಾಗಿಲ್ಲ’ ಎಂದು ಬರೆದು ಕಡತ ಮುಚ್ಚುತ್ತಾರೆ. ಆ ಉತ್ತರವನ್ನು ಕೊಟ್ಟ ಮನೆ ಒಂದೂ ಇಲ್ಲ! ದರ್ಜೆಯಲ್ಲಿ ಹಿಂದು ಮುಂದು ಗೊತ್ತಾಗುತ್ತದೆ, ಎರಡು ದರ್ಜೆಗಳ ನಡುವಿನ ಅಂತರ ಎಷ್ಟೆಂದು ಗೊತ್ತಾಗುವುದಿಲ್ಲ. ಹಾಗಾಗಿ ಇಂಥಲ್ಲಿ ಯಾವ ಉತ್ತರ ಎಷ್ಟು ಮನೆಯಿಂದ ಬಂತು ಎಂದು ಬಿಡಿಸಿ ಬರೆಯುವುದೇ ಲೇಸು.

ಮೂರನೆಯ ಬಗೆಗೆ ಬಿಸಿಲು ಒಳ್ಳೆಯ ಉದಾಹರಣೆ. ಒಂದೂರಲ್ಲಿ 20 ಡಿಗ್ರಿ ಸೆಲ್ಸಿಯಸ್, ಇನ್ನೊಂದೂರಲ್ಲಿ 40. ಎರಡರ ನಡುವೆ 20 ಡಿಗ್ರಿ ವ್ಯತ್ಯಾಸ ಇದೆ ಎನ್ನಬಹುದು, ಎರಡು ಪಟ್ಟು ಬಿಸಿ ಎನ್ನುವಂತಿಲ್ಲ. ಅದೇ ಬಿಸಿಯನ್ನು ಫ್ಯಾರನ್‌ಹೀಟಿನಲ್ಲಿ ಬರೆದರೆ 68 ಮತ್ತು 104 ಆಗುತ್ತದೆ. ಎರಡು ಪಟ್ಟು ಎಲ್ಲಿ ಹೋಯಿತು? ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗದಲ್ಲಿ ನಾವೇ ನೆಟ್ಟ ಗೂಟ. ಬಿಸಿಯೇ ಇಲ್ಲ ಎಂಬ ಸೊನ್ನೆ ಅದಲ್ಲ.

ಮಳೆಯ ಸೊನ್ನೆ ಹಾಗಲ್ಲ. ಅಲ್ಲಿ ಸೊನ್ನೆ ಎಂದರೆ ಮಳೆಯೇ ಬಂದಿಲ್ಲ. ಆದ್ದರಿಂದ 40 ಮಿಲಿಮೀಟರ್ ಮಳೆ 20ರ ಎರಡು ಪಟ್ಟು ಎಂದು ಧೈರ್ಯವಾಗಿ ಹೇಳಬಹುದು. ಇದು ನಾಲ್ಕನೆಯ ಬಗೆ. ತೂಕ, ದೂರ, ಹಣ, ಹಾಲಿನ ಲೀಟರು ಇದೇ ಸಾಲಿಗೆ ಸೇರುತ್ತವೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

ಬಗೆ ಸರಿಯಿದ್ದರೂ ದಾಖಲೆ ಕೆಡಬಹುದು. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಮಳೆಯನ್ನು ಅಳೆಯುತ್ತಾರೆ. ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ, ಒಂದು ಮಿಲಿಮೀಟರ್ ಮಳೆಗೆ ಅದರೊಳಗೆ ಸೇರುವುದು 20 ಮಿಲಿಲೀಟರ್ ನೀರು. 100 ಚದರ ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ ಈ 200ರ ಬಾಯಿಗೆಂದು ಮಿಲಿಮೀಟರ್ ಗೆರೆ ಹಾಕಿದ ಅಳತೆಗಾಜನ್ನು ಬಳಸಿದರೆ ವರ್ಷವಿಡೀ ಅರ್ಧ ಮಳೆಯೇ ದಾಖಲಾಗುತ್ತದೆ. ಎಲ್ಲ ದಿನವೂ ಒಂದೇ ಪ್ರಮಾಣದಲ್ಲಿ ತಪ್ಪುವುದರಿಂದ ಪುಸ್ತಕ ಬಲು ಅಚ್ಚುಕಟ್ಟಾಗಿ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ತಪ್ಪು ಭಾನುವಾರದ್ದು. ಅಳೆಯುವವರು ಆ ದಿನ ಬರಲಿಲ್ಲ, ಕಲಂ ಖಾಲಿ ಬಿಡಬಾರದೆಂದು 0 ಬರೆದರು. ಸೋಮವಾರದ ಅಂಕಿಯಲ್ಲಿ ಎರಡು ದಿನದ ನೀರು ಸೇರಿಕೊಂಡಿದೆ. ತಿಂಗಳ ಒಟ್ಟು ಮೊತ್ತ ಹೆಚ್ಚುಕಡಿಮೆ ಸರಿಹೋದೀತು. ಆದರೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆಯ ದಿನ ಎಂದು ಎಣಿಸುತ್ತೇವಲ್ಲ, ಆ ಎಣಿಕೆಯಲ್ಲಿ ಒಂದು ದಿನ ತಪ್ಪಿಹೋಗಬಹುದು. ಜೊತೆಗೆ ಬಾರದ ಭಾರಿ ಮಳೆಯೊಂದು ಸೋಮವಾರ ಬಂದಂತೆ ಕಾಣುತ್ತದೆ. ಅಳೆಯದ ದಿನದ ಮುಂದೆ ‘ಅಳತೆ ಇಲ್ಲ’ ಎಂದೇ ಬರೆಯಬೇಕು.

ನಾಲ್ಕನೆಯ ಬಗೆಯ ಅಂಕಿಗೆ ಸರಾಸರಿ ತೆಗೆಯಬಹುದು ನಿಜ, ಆದರೂ ಕಣ್ಣು ಮುಚ್ಚಿ ತೆಗೆಯಬಾರದು. ಐವರು ರೈತರ ಜಮೀನು 1, 1, 2, 2 ಮತ್ತು 34 ಎಕರೆ. ಒಟ್ಟು 40, ಸರಾಸರಿ 8 ಎಕರೆ. ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವಿನದನ್ನು ನೋಡಿದರೆ 2 ಎಕರೆ. ಇದು ಮಧ್ಯಾಂಕ. ಆ ಊರಿನ ಸಾಮಾನ್ಯ ರೈತ ಯಾರು ಎಂದು ಕೇಳಿದವರಿಗೆ 2 ಎಂದು ಹೇಳಿ, ಜೊತೆಗೆ 34 ಎಕರೆಯವರನ್ನೂ ಮರೆಮಾಚಬೇಡಿ.

ಇನ್ನು ವಯಸ್ಸು. ಅಳತೆಯ ದೃಷ್ಟಿಯಿಂದ ಸಲೀಸು, ಆದರೆ ಜನರ ಬಾಯಲ್ಲಿ ಅದು ಹತ್ತಿರದ 0 ಅಥವಾ 5ಕ್ಕೆ ಜಾರಿಬಿಡುತ್ತದೆ. ‘ಹತ್ತಿರ ಹತ್ತಿರ ನಲವತ್ತು’, ‘ಐವತ್ತೈದು ಬರಕೊಳ್ಳಿ’. 39, 41, 54 ಹೇಳುವವರು ವಿರಳ. ಇದು ಎಷ್ಟರಮಟ್ಟಿಗಿದೆ ಎಂದು ನೋಡಲು ವಿಪ್ಪಲ್ ಸೂಚ್ಯಂಕ ಎಂಬ ಸರಳ ಪರೀಕ್ಷೆ ಇದೆ. 23ರಿಂದ 62ರವರೆಗಿನ ವಯಸ್ಸಿನವರನ್ನು ಮಾತ್ರ ತೆಗೆದುಕೊಳ್ಳಿ. ಅವರಲ್ಲಿ 0 ಅಥವಾ 5ರಲ್ಲಿ ಮುಗಿಯುವ ವಯಸ್ಸು ಹೇಳಿದವರು ಎಷ್ಟು? ಆ ಸಂಖ್ಯೆಯನ್ನು 500ರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ. ನಿಜವಾದ ವಯಸ್ಸು ಬಂದಿದ್ದರೆ ಉತ್ತರ ಸುಮಾರು 100. ಎಲ್ಲರೂ 0 ಅಥವಾ 5ರಲ್ಲೇ ಮುಗಿಸಿದ್ದರೆ 500. ಒಂದು ಊರಿನಲ್ಲಿ ಇಂಥ 400 ಜನರಿದ್ದು, 160 ಮಂದಿ ಹೀಗೆ ಹೇಳಿದ್ದರೆ 200. ಇರಬೇಕಾದದ್ದಕ್ಕೆ ಇಮ್ಮಡಿ.

ಕಂಪ್ಯೂಟರಿನ ಮುಂದೆ ಕೂತಮೇಲೆ ಇದನ್ನು ಸರಿಪಡಿಸುವುದು ಕಷ್ಟ, ಮನೆಬಾಗಿಲಲ್ಲೇ ಆಗಬೇಕು. ವಯಸ್ಸಿನ ಬದಲು ಹುಟ್ಟಿದ ತಾರೀಖು ಕೇಳಿ. ಅದು ಗೊತ್ತಿಲ್ಲದಿದ್ದರೆ, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದಾಗ ನೀವು ಶಾಲೆಗೆ ಹೋಗ್ತಿದ್ದಿರಾ, 2000ದಲ್ಲಿ ರಾಜ್‌ಕುಮಾರ್ ಅವರ ಅಪಹರಣವಾದಾಗ ಮದುವೆಯಾಗಿತ್ತಾ, ದೊಡ್ಡ ಮಗು ಎಷ್ಟು ದೊಡ್ಡದಿತ್ತು ಎಂದು ಕೇಳುತ್ತಾ ಹೋಗಿ. ನಲವತ್ತು ಎಂದವರು ನಲವತ್ತಾರಕ್ಕೆ ಬಂದು ನಿಲ್ಲುವುದುಂಟು. ಹೀಗೆ ಸಿಕ್ಕ ವಯಸ್ಸಿನ ಪಕ್ಕದಲ್ಲಿ ‘ಅಂದಾಜು’ ಎಂದು ಗುರುತು ಹಾಕಿ, ಮುಂದಿನ ಮನೆಗೆ ಹೋಗಿ.

ನಮಸ್ಕಾರ.